ಶಟರ್ ಇಳಸ್ರಿ

ಪೊದೆಯೊಳಗಿಂದ ಮಿಂಚುಳ್ಳಿ ಕೂಗಿತು.

ಕಸ್ತೂರಿ ಉಸಿರು ಬಿಗಿಹಿಡಿದು ಕ್ಯಾಮೆರಾ ಎತ್ತಿದಳು. ಕೂಡಲಸಂಗಮದ ಹತ್ತಿರದ ಹಿನ್ನೀರಿನ ದಂಡೆ, ಭಾನುವಾರದ ಎಳೆಬಿಸಿಲು. ಎಲೆ ಅಲುಗಿತು... ಇನ್ನೇನು ಬಂತು... ಬಂತು...

ಹೊರಬಂದ ಹಕ್ಕಿಗೆ ಮೀಸೆ ಇತ್ತು! ಕೊರಳಲ್ಲಿ ಅದಕ್ಕೂ ಒಂದು ಕ್ಯಾಮೆರಾ.

"ಹಕ್ಕಿ ನೀವೇನ್ರಿ?" ಎಂದಳು ಸಿಟ್ಟಿನಿಂದ.

"ಅಲ್ರಿ, ದನದ ಡಾಕ್ಟರ್," ಎಂದ ಅವನು ಬಲು ವಿನಯದಿಂದ.

ಹುನಗುಂದದ ದನದ ದವಾಖಾನೆಯ ಕಲ್ಲೇಶ. ಮಿಂಚುಳ್ಳಿಯನ್ನು ಕರೆಯಲು ಕೂಗಿದ್ದನಂತೆ. ಬಂದದ್ದು ಇಳಕಲ್ಲಿನ ಸೀರೆ ಅಂಗಡಿ ಶಂಕ್ರಪ್ಪನವರ ಮಗಳು.

ಆಮೇಲೆ ಪ್ರತಿ ಭಾನುವಾರವೂ ಇಬ್ಬರೂ ಅದೇ ದಂಡೆಗೆ ಬರತೊಡಗಿದರು. ಬಸ್ ಕಂಡಕ್ಟರನ ದನಿ, ದವಾಖಾನೆ ಸಾಹೇಬರ ಗದರಿಕೆ, ಇಂಜೆಕ್ಷನ್ ಕಂಡ ಎಮ್ಮೆಯ ಅಳಲು... ಅವನ ಗಂಟಲಲ್ಲಿ ಎಲ್ಲರೂ ಬಾಡಿಗೆಗಿದ್ದರು. ನಕ್ಕು ನಕ್ಕು ಅವಳ ಕೈ ನಡುಗುತ್ತಿತ್ತು. ಕೈ ನಡುಗಿದರೆ ಫೋಟೋ ಅಲುಗುತ್ತದೆ. ಅಲುಗಿದ ಫೋಟೋ ಕಂಡರೆ ಕಸ್ತೂರಿಗೆ ಆಗದು.

ಸೀರೆಯಲ್ಲಿ ಒಂದು ಎಳೆ ತಪ್ಪಿದರೂ ಹಿಡಿಯುವ ಕಣ್ಣು ಅವಳದು. ಅವಳ ಚಿತ್ರಗಳಲ್ಲಿ ಹಕ್ಕಿಗಳು ಗಾಳಿಗೆ ಮೊಳೆ ಹೊಡೆದಂತೆ ನಿಂತಿರುತ್ತಿದ್ದವು. ಒಂದೊಂದು ಗರಿಯನ್ನೂ ಎಣಿಸಬಹುದಿತ್ತು.

ಬಾಗಲಕೋಟೆಯಲ್ಲಿ ಛಾಯಾಚಿತ್ರ ಪ್ರದರ್ಶನ ಎಂದು ತಿಳಿದಾಗ ಮೂರು ಚಿತ್ರ ಆರಿಸಿದಳು. ಯಾರಿಗೂ ತೋರಿಸದ ಆಸೆ ಅದು. ಮೊದಲು ಅವನಿಗೆ ಕಳಿಸಿದಳು. ಸೀರೆ ಮಡಚುತ್ತಿರುವಾಗ ಉತ್ತರ ಬಂತು.

"ಚಂದ ಅದಾವ. ಆದ್ರ ಇನ್ನ ಶಟರ್ ಇಳಸ್ರಿ."

ಕಸ್ತೂರಿಯ ಕೈ ಮಡಿಕೆಯಲ್ಲೇ ನಿಂತಿತು. ಅಂಗಡಿಯವರ ಮಗಳಿಗೆ ಆ ಮಾತಿಗೆ ಒಂದೇ ಅರ್ಥ. ಅಂಗಡಿ ಮುಚ್ಚು... ಇದು ನಿನ್ನ ಕೈಲಾಗುವ ಕೆಲಸವಲ್ಲ.

'ಇಷ್ಟು ದಿನ ನಗಿಸಿದ್ದು ಇದಕ್ಕೇನಾ...'

ಎರಡು ಭಾನುವಾರ ಅವಳು ದಂಡೆಗೆ ಹೋಗಲಿಲ್ಲ, ಫೋನ್ ಎತ್ತಲಿಲ್ಲ. ಕ್ಯಾಮೆರಾ ಕಪಾಟಿನಲ್ಲಿ ಸೀರೆಗಳಡಿ ಮಲಗಿತು. ಪ್ರದರ್ಶನಕ್ಕೆ ಚಿತ್ರ ಕಳಿಸಲು ಎರಡೇ ದಿನ ಉಳಿದಾಗ ಕಲ್ಲೇಶ ಅಂಗಡಿಗೇ ಬಂದ. ಯಾಕೆ ಬರಲಿಲ್ಲವೆಂದು ಮೆಲ್ಲಗೆ ಕೇಳಿದ.

"ನೀವ ಹೇಳಿದ್ರಲ್ಲ, ಶಟರ್ ಇಳಸ್ರಿ ಅಂತ. ಇಳಿಸೇನಿ."

ಕಲ್ಲೇಶ ತಲೆ ಎತ್ತಿದ. ಮೇಲೆ ಸುತ್ತಿಕೊಂಡಿದ್ದ ಅಂಗಡಿಯ ಕಬ್ಬಿಣದ ಶಟರ್ ಕಂಡಿತು. ಅರ್ಥವಾಯಿತು. ಮೊದಲ ಸಲ ಅವನಿಗೆ ಯಾರ ದನಿಯೂ ನೆರವಿಗೆ ಬರಲಿಲ್ಲ. ತನ್ನದೇ ದನಿಯಲ್ಲಿ ತಡವರಿಸಿದ.

"ಕ್ಯಾಮೆರಾದ ಶಟರ್ ರೀ... ಅದರ ವೇಗ ಇಳಸ್ರಿ ಅಂದೆ. ನೀವ ಒಂದು ಸೆಕೆಂಡ್ ಎರಡು ಸಾವಿರ ಚೂರು ಮಾಡಿ ಹಕ್ಕಿನ್ನ ನಿಲ್ಲಸ್ತೀರಿ. ಅದಕ್ಕ ನಿಮ್ಮ ಚಿತ್ರದಾಗ ಗರಿ ಎಲ್ಲಾ ಕಾಣ್ತಾವ, ಹಾರೂದು ಒಂದ ಕಾಣವಲ್ದು. ಮೂವತ್ತ ಚೂರು ಮಾಡಿದ್ರ ಸಾಕು, ಹಾರೂದೂ ಕಾಣ್ತದ."

ಅಂಗಡಿಯ ಗಾದಿಯ ಮೇಲಿಂದ ಶಂಕ್ರಪ್ಪನವರು ಕನ್ನಡಕ ಇಳಿಸಿದರು.

"ಡಾಕ್ಟ್ರ, ಗಿರಾಕಿ ಬರೂ ಹೊತ್ತಿನ್ಯಾಗ ಶಟರ್ ಇಳಿಸೂ ಮಾತ ಆಡಬ್ಯಾಡ್ರಿ."

ಕಸ್ತೂರಿ ಸೀರೆ ಗಂಟಿನ ಹಿಂದೆ ಮುಖ ಮುಚ್ಚಿಕೊಂಡಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಹಿನ್ನೀರಿನ ಮೇಲೆ ಬಣ್ಣದ ಕೊಕ್ಕರೆಗಳು ಹಾರಾಡುತ್ತಿದ್ದವು. ಶಟರ್ ವೇಗ ಇಳಿಸಿ ತೆಗೆದ ಅವಳ ಮೊದಲ ಹತ್ತು ಚಿತ್ರಗಳು ಬಣ್ಣ ಬಿಟ್ಟ ಬಟ್ಟೆಯಂತೆ ಕಲಸಿಹೋದವು. ಹಕ್ಕಿಯ ಜೊತೆ ಅದರದೇ ವೇಗದಲ್ಲಿ ತಿರುಗಬೇಕು, ಕ್ಲಿಕ್ ಆದ ಮೇಲೂ ನಿಲ್ಲಬಾರದು ಎಂದು ಕಲ್ಲೇಶ ಎರಡು ಮಾರು ದೂರದಿಂದಲೇ ಹೇಳಿಕೊಟ್ಟ.

ಒಂದು ಕೊಕ್ಕರೆ ನೀರಿಗೆ ಸಮನಾಗಿ ಬಂತು. ಕಸ್ತೂರಿ ಅದರೊಡನೆ ತಿರುಗಿದಳು... ತಿರುಗುತ್ತಲೇ ಹೋದಳು...

ಪರದೆಯಲ್ಲಿ ನೋಡಿದರೆ ರೆಕ್ಕೆ ಗುಲಾಬಿ ಹೊಗೆ, ನೀರು ಬೆಳ್ಳಿ ಗೆರೆ. ಕಣ್ಣೊಂದೇ ಸ್ಪಷ್ಟ. ಇಂಥದ್ದು ತನ್ನ ಕೈಯಿಂದ ಬಂದೀತೆಂದು ಅವಳು ಎಣಿಸಿರಲಿಲ್ಲ. ಅಲ್ಲಿಯೇ ಕೂತು ಬಾಗಲಕೋಟೆಗೆ ಕಳಿಸಿದಳು.

ಕಲ್ಲೇಶ ಮೀಸೆ ತೀಡಿಕೊಂಡ, ಮತ್ತೆ ತೀಡಿಕೊಂಡ.

"ನಿಮ್ಮ ಅಪ್ಪಾರನ್ನ ಯಾವಾಗ ಬಂದ್ ಕೇಳ್ಲಿ?"

"ಏನ್ ಕೇಳ್ತೀರಿ?"

"ಅದ... ನಿಮಗ ಗೊತ್ತಲ್ಲ."

"ಗೊತ್ತಿಲ್ಲ. ಪೂರ್ತಿ ಹೇಳ್ರಿ. ಅರ್ಧ ಹೇಳಿದ್ರ ನಾ ಬ್ಯಾರೆ ತಿಳ್ಕೋತೇನಿ."

ಅವನು ಒಮ್ಮೆ ನೀರು ನೋಡಿದ, ಆಮೇಲೆ ಅವಳನ್ನು.

"ನನ್ನ ಮದುವಿ ಆಗ್ತೀರೇನು, ಕಸ್ತೂರಿ?"

"ಹೂಂ."

"ಅಷ್ಟನಾ?"

"ಇದಕ್ಕ ಬ್ಯಾರೆ ಅರ್ಥ ಇಲ್ರಿ."