ಎರಡನೇ ಸುತ್ತಿನ ಬ್ರೇಕು

ಕಾರಿನ ಬಾಗಿಲು ತೆಗೆದು, ಹ್ಯಾಂಡ್‌ಬ್ರೇಕ್ ಇಳಿಸಿ, ಚಕ್ರಕ್ಕೆ ಕಲ್ಲು ಕೊಡುತ್ತಿದ್ದ ರೋಸ್ವಿಟಾಳನ್ನು ಕಂಡು, ಕಾಫಿ ಹಿಡಿದು ಬಂದ ಗಂಡಸು ಗಾಬರಿಬಿದ್ದ.

"ನನ್ನ ಕಾರಲ್ಲಿ ಏನ್ ಹುಡುಕ್ತಿದೀರಿ?"

"ನಿಮ್ಮ ಬುದ್ಧೀನ."

ಯಾರು ಬೇಕಾದರೂ ಸ್ವಂತ ಕಾರು ಓಡಿಸಬಹುದಾದ ಜರ್ಮನಿಯ ರೇಸ್ ಟ್ರ್ಯಾಕು ನ್ಯೂರ್‌ಬುರ್ಗ್‌ರಿಂಗ್‌ನಲ್ಲಿ ಸುತ್ತು ಮುಗಿಸಿ ಬಂದವರು ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ಕೆಂಡದಂತೆ ಕಾದ ಬ್ರೇಕಿನ ಡಿಸ್ಕು ಹಿಡಿತದಲ್ಲೇ ಸೊಟ್ಟಗಾಗುತ್ತದೆ. ಅವಳು ಅಷ್ಟು ಹೇಳಿದ ಮೇಲೆ ಅವನು ಕಿವಿವರೆಗೂ ಕೆಂಪಾಗಿ, ತನ್ನ ಕಾಫಿಯನ್ನು ಅವಳಿಗೇ ಕೊಟ್ಟ. ಹೆಸರು ಗೆರಿಯೋನ್. ಮಾಯೆನ್ ಊರಿನವನು, ಚರ್ಚುಗಳ ಆರ್ಗನ್ ವಾದ್ಯ ರಿಪೇರಿ ಮಾಡುವವನು, ಒಂಟಿ.

ಆಮೇಲೆ ಭಾನುವಾರಗಳೆಲ್ಲ ಅವನು ಟ್ರ್ಯಾಕಿನ ಪಕ್ಕ ರೋಸ್ವಿಟಾ ನಡೆಸುತ್ತಿದ್ದ ವಸತಿಗೃಹದಲ್ಲೇ ಇಳಿದ. ಅವನ ಕಾರಿಗೆ ಕಂಪನಿಯವರೇ ಕೂರಿಸಿದ ಪರ್ಫಾರ್ಮೆನ್ಸ್ ಪ್ಯಾಕೇಜ್ ಇತ್ತು: ದೊಡ್ಡ ಬ್ರೇಕು, ಬಿಗಿ ಸ್ಪ್ರಿಂಗು, ಅಗಲ ಟೈರು. ಟ್ರ್ಯಾಕಿಗೆ ಇಷ್ಟು ಸಾಕಲ್ಲವೇ ಎಂದು ಕೇಳುತ್ತಿದ್ದ. ಒಂದು ಸುತ್ತಿಗೆ ಸಾಕು, ಆರಲು ಬಿಡಬೇಕು, ಬಿಡದೆ ಎರಡನೆಯದಕ್ಕೆ ಹೋದರೆ ಬ್ರೇಕ್ ಎಣ್ಣೆ ಕುದಿದು, ಪೆಡಲು ಮೆತ್ತಗಾಗಿ, ಬ್ರೇಕು ಹಿಡಿಯುವುದಿಲ್ಲ ಎನ್ನುತ್ತಿದ್ದಳು ಅವಳು. ಕಂಪನಿಯವರು ಇಲ್ಲೇ ಪರೀಕ್ಷೆ ಮಾಡಿದ್ದಾರೆ ಎಂದು ಅವನ ವಾದ.

"ಪರೀಕ್ಷೆ ಮಾಡಿದವನಿಗೆ ಸಂಜೆ ಅದೇ ಕಾರಲ್ಲಿ ಮನೆಗೆ ಹೋಗೋದಿರಲಿಲ್ಲ," ಎಂದು ಅವಳು ನಗುತ್ತಿದ್ದಳು. ನಗುವಾಗ ಅವನ ಕಣ್ಣನ್ನು ಮಾತ್ರ ತಪ್ಪಿಸುತ್ತಿದ್ದಳು.

ಗುಡ್ಡದ ತುಂಬ ಹಳದಿ ಹೂ ಬಿಟ್ಟಿದ್ದ ಒಂದು ಭಾನುವಾರ, ತನ್ನನ್ನು ಮದುವೆಯಾಗುವಿರಾ ಎಂದು ಅವನು ಕೇಳಿದ. ಆಗ ಅವಳು ಫೋಲ್ಕ್‌ಮಾರ್‌ನ ವಿಷಯ ಹೇಳಿದಳು. ಅವಳ ಗಂಡ. ಇಂಥದೇ ಪ್ಯಾಕೇಜಿನ ಕಾರು. ಎರಡನೇ ಸುತ್ತಿನಲ್ಲಿ ಪೆಡಲು ಮೆತ್ತಗಾಗಿದ್ದು ಅವನಿಗೂ ತಿಳಿದಿತ್ತು. ಹಿಂದೆ ಗೆಳೆಯರ ಕಾರುಗಳಿದ್ದವು, ನಾಚಿಕೆಗೆ ವೇಗ ತಗ್ಗಿಸಲಿಲ್ಲ. ಟ್ರ್ಯಾಕಿನಲ್ಲಿ ನರಿಗುಂಡಿ ಎನ್ನುವ ಇಳಿಜಾರಿನ ಕೊನೆಯಲ್ಲಿ ಕಾರು ಗುದ್ದಿ ಹೋಗಿಬಿಟ್ಟ.

"ಇನ್ನೊಂದು ಸಲ ಆ ಟ್ರ್ಯಾಕಿನ ಗೇಟಿನ ಹತ್ರ ಕಾಯೋ ಶಕ್ತಿ ನನಗಿಲ್ಲ ಗೆರಿಯೋನ್."

ಅವನು ಕಾರಿನ ಕೀ ಕೈಗೆತ್ತಿಕೊಂಡ. ಎದ್ದು ಟ್ರ್ಯಾಕಿಗೆ ಹೋದ. ಕಾಯಲಾರೆ ಎಂದವಳೇ ಹಿಂದೆಯೇ ಹೋಗಿ ಗೇಟಿನಲ್ಲಿ ನಿಂತಳು. ಮೊದಲ ಸುತ್ತು ಮುಗಿಸಿ ಬಂದವನು, ಮನಸ್ಸೆಲ್ಲೋ ಇಟ್ಟುಕೊಂಡು, ಅವಳನ್ನು ನೋಡದೆ, ಕಾರು ಆರಿಸದೆ ಮತ್ತೆ ಒಳಗೆ ಹೋಗಿಬಿಟ್ಟ.

ಅವನ ಹಿಂದೆ ಹೋದ ಕಾರುಗಳೆಲ್ಲ ಹೊರಗೆ ಬಂದವು. ಅವನದು ಬರಲಿಲ್ಲ. ರೋಸ್ವಿಟಾ ಕಂಬಿ ಹಿಡಿದುಕೊಂಡಳು.

ಕೊನೆಗೆ ಬಂದ. ನಾಲ್ಕೂ ಲೈಟು ಮಿಣುಕಿಸುತ್ತ, ಸೈಕಲ್ಲಿನಷ್ಟು ನಿಧಾನ. ಗೇಟಿನಲ್ಲಿದ್ದ ಹುಡುಗರು ಅಜ್ಜಾ, ತಳ್ಳೋಣವೇ ಎಂದು ನಕ್ಕರು. ಕಾರಿನಿಂದ ಸುಟ್ಟ ವಾಸನೆ ಬರುತ್ತಿತ್ತು.

"ನೀವು ಹೇಳಿದ್ದೇ ಸರಿ. ಇಳಿಜಾರು ಶುರುವಾಗೋ ಮೊದಲೇ ಪೆಡಲು ಮೆತ್ತಗಾಯ್ತು," ಎಂದ. "ಪಕ್ಕಕ್ಕೆ ಬಂದು ಎಲ್ಲರಿಗೂ ದಾರಿ ಬಿಟ್ಟೆ."

"ನಾಚಿಕೆ ಆಗ್ಲಿಲ್ವಾ?"

"ಆಯ್ತು. ಆದ್ರೂ ಮನೆಗೆ ಬರ್ಬೇಕಿತ್ತಲ್ಲ."

ಯಾರ ಮನೆಗೆ ಎಂದು ಅವಳು ಕೇಳಲಿಲ್ಲ. ಇನ್ನು ಈ ಟ್ರ್ಯಾಕಿಗೇ ಬರುವುದಿಲ್ಲ ಎಂದು ಅವನು ಮಾತು ಕೊಡಲು ಹೊರಟಾಗ, ಅವನ ಬಾಯಿ ಮೇಲೆ ಕೈ ಇಟ್ಟಳು.

"ಅಂಥ ಮಾತು ಬೇಡ. ಬ್ರೇಕಿನ ಪ್ಯಾಡು, ಎಣ್ಣೆ, ಎರಡೂ ಟ್ರ್ಯಾಕಿಗೆ ತಕ್ಕದ್ದು ಹಾಕ್ಸು. ಆಮೇಲೆ ಒಂದೇ ಸುತ್ತು, ನಿಧಾನಕ್ಕೆ." ಉಸಿರೆಳೆದುಕೊಂಡಳು. "ಪಕ್ಕದಲ್ಲಿ ನಾನು ಕೂತಿರ್ತೀನಿ."