ಇಲ್ಲದ ವಿಮಾನಕ್ಕೆ ಏಳು ಸೀಲುಗಳು

ವಿಮಾನ ಕೆಟ್ಟರೆ ಮಾತ್ರ ಸೆವೆರೋ ನನಗೆ ಫೋನ್ ಮಾಡುತ್ತಿದ್ದ. ಅದು ಸುಖವಾಗಿ ಹಾರಿಕೊಂಡಿದ್ದರೆ ತಿಂಗಳುಗಟ್ಟಲೆ ಅವನ ಸುದ್ದಿ ಇರುತ್ತಿರಲಿಲ್ಲ.

ಅವನು ದೇಶದ ಉತ್ತರದ ತುದಿಯ ದ್ವೀಪದೂರು ಬಾಸ್ಕೋದಲ್ಲಿ ವಿಮಾನದ ಮೆಕ್ಯಾನಿಕ್. ನನ್ನ ಹೆಸರು ಲಿಗಾಯ, ಕ್ಲಾರ್ಕ್ ಎಂಬ ಊರಿನಲ್ಲಿ ವಿಮಾನದ ಬಿಡಿಭಾಗ ಮಾರುವ ಗೋದಾಮಿನ ಕೌಂಟರಿನ ಹಿಂದೆ ಕೂರುವವಳು. ನಡುವೆ ಸಮುದ್ರ. ಆರು ವರ್ಷದಲ್ಲಿ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಫೋಟೋ ಕಳಿಸಿ ಎನ್ನುವ ಧೈರ್ಯ ಅವನಿಗೂ ಇರಲಿಲ್ಲ. ನನಗಂತೂ ನಲವತ್ತೊಂದು ವರ್ಷ. ಕೇಳಿದ್ದರೆ ಕೊಡಲು ಒಂದು ಒಳ್ಳೆಯ ಫೋಟೋವಾದರೂ ಬೇಕಲ್ಲ.

“ಮೇಡಂ, ಹನ್ನೆರಡು ನಲವತ್ತೇಳು ಮತ್ತೆ ಮಲಗಿಬಿಟ್ಟಿದೆ.”

ಅದು ಅವನ ಕಂಪನಿಗಿದ್ದ ಒಂದೇ ವಿಮಾನದ ನಂಬರು. ಹತ್ತೊಂಬತ್ತು ಸೀಟು, ವಯಸ್ಸಿನಲ್ಲಿ ನನಗಿಂತ ದೊಡ್ಡದು.

“ಏನಂತೆ ಅದಕ್ಕೆ ಈ ಸಲ?”

“ಬಾಗಿಲ ಚಿಲಕ ಕೂರ್ತಿಲ್ಲ. ಬೇಗ ಕಳಿಸಿ. ಇಲ್ಲೊಬ್ಬಳು ಮದುಮಗಳು ಸೂಟ್‌ಕೇಸ್ ಮೇಲೆ ಕೂತು ಅಳ್ತಿದ್ದಾಳೆ.”

“ಅವಳಿಗೆ ಸಮಾಧಾನ ಹೇಳೋದು ಬಿಟ್ಟು ನನ್ನ ಹತ್ರ ಏನು ಮಾತು?”

“ಅವಳಿಗೆ ಹೇಳೋಕೆ ಊರೇ ಇದೆ. ನಿಮ್ಮದು ಊಟ ಆಯ್ತಾ?”

“ಆಯ್ತು. ಸಿನಿಗಾಂಗ್ ಸಾರು. ಹುಣಸೆಹುಳಿ ಜಾಸ್ತಿ ಆಗಿತ್ತು.”

“ನಿಮ್ಮ ಮಾತಲ್ಲೇ ಗೊತ್ತಾಗ್ತಿದೆ.”

ಇಷ್ಟೇ. ಎರಡು ನಿಮಿಷ, ಹೆಚ್ಚೆಂದರೆ ಮೂರು. ಅಮ್ಮ ತೀರಿಕೊಂಡ ಮೇಲೆ ನನಗೆ ಊಟ ಆಯ್ತಾ ಎಂದು ಕೇಳುವವರು ಭೂಮಿಯ ಮೇಲೆ ಅವನೊಬ್ಬನೇ ಉಳಿದಿದ್ದ. ಮನೆಗೆ ಹೋದರೆ ಫ್ರಿಜ್ಜಿನ ಸದ್ದು. ಭಾನುವಾರ ಗೋದಾಮಿಗೆ ರಜೆ, ಆ ದಿನ ತಳ್ಳುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತಿತ್ತು.

ಈ ವರ್ಷ ಇದ್ದಕ್ಕಿದ್ದಂತೆ ಅವನ ಫೋನು ಹೆಚ್ಚಾಯಿತು. ಎರಡೇ ತಿಂಗಳಲ್ಲಿ ಏಳು ಸಲ. ಪ್ರತಿ ಸಲವೂ ಅದೇ ಬೇಡಿಕೆ, ಚಕ್ರದ ಕಾಲಿನಿಂದ ಎಣ್ಣೆ ಸೋರದಂತೆ ಹಾಕುವ ಅಂಗೈಯಗಲದ ರಬ್ಬರ್ ಸೀಲ್ ಒಂದು.

“ಅದೇನು ವಿಮಾನವೋ ಜರಡಿಯೋ?” ಎಂದು ಪಕ್ಕದ ಮೇಜಿನ ಪುರಿಂಗಕ್ಕ ಕೇಳಿದಳು. ಬಂದ ಸಾಮಾನನ್ನು ಪರೀಕ್ಷೆ ಮಾಡುವವಳು ಅವಳು, ಕಣ್ಣು ಹದ್ದಿನದು. ನಾನು ನಕ್ಕು ಪ್ಯಾಕೆಟ್ಟಿಗೆ ಸಾಮಾನು ಹೊಸದು, ಅಸಲಿ ಎಂದು ಸಾರುವ ನಮ್ಮ ಕಾಗದ ಲಗತ್ತಿಸಿದೆ. ನನಗೆ ಸಂತೋಷವಾಗಿತ್ತು, ಸುಳ್ಳೇಕೆ ಹೇಳಲಿ.

ಒಂದು ಸೋಮವಾರ ಗುಜರಿಗೆ ಹೋದ ವಿಮಾನವೊಂದರ ಭಾಗಗಳು ಪೆಟ್ಟಿಗೆಗಳಲ್ಲಿ ಬಂದವು. ಬಿಚ್ಚಿದ ಭಾಗಗಳನ್ನು ಕೊಂಡು, ಚೆನ್ನಾಗಿರುವುದನ್ನು ಆರಿಸುವುದು ನಮ್ಮ ದಂಧೆ. ಮೊದಲ ಪೆಟ್ಟಿಗೆಯಲ್ಲಿ ಚಕ್ರದ ಕಾಲೊಂದು ಮಲಗಿತ್ತು. ಅದಕ್ಕೆ ಕಟ್ಟಿದ ಚೀಟಿಯಲ್ಲಿ ವಿಮಾನದ ನಂಬರು ಹನ್ನೆರಡು ನಲವತ್ತೇಳು ಎಂದಿತ್ತು. ಕೊನೆಯ ಹಾರಾಟ ಎರಡೂವರೆ ತಿಂಗಳ ಹಿಂದೆ.

ನಾನು ಚೀಟಿಯನ್ನು ಮೂರು ಸಲ ಓದಿದೆ. ಪುರಿಂಗಕ್ಕ ನನ್ನ ಭುಜದ ಮೇಲಿಂದ ಒಂದೇ ಸಲ ಓದಿದಳು.

“ಇಲ್ಲದ ವಿಮಾನಕ್ಕೆ ಸೀಲ್ ತರಿಸೋನು ಏನು ಮಾಡ್ತಾನೆ ಗೊತ್ತಲ್ಲ? ನಮ್ಮ ಕಾಗದ ಇಟ್ಕೊಂಡು ಯಾವುದೋ ಹಳೇ ಸೀಲನ್ನ ಹೊಸದು ಅಂತ ಮಾರ್ತಾನೆ. ನಾಳೆ ಇನ್ಯಾರದೋ ವಿಮಾನದ ಕಾಲು ಮುರಿಯುತ್ತೆ.”

“ಅವನು ಅಂಥವನಲ್ಲ.”

“ಎಂಥವನು ಅಂತ ನಿನಗೇನು ಗೊತ್ತು? ಒಂದು ದಿನಾನಾದ್ರೂ ನೋಡಿದ್ದೀಯೇನೇ?”

ಇಂಥದ್ದು ಕಂಡರೆ ಸರ್ಕಾರಕ್ಕೆ ದೂರು ಬರೆದು ಕಳಿಸಬೇಕು ಎಂಬುದು ನಿಯಮ. ನಾನು ಬರೆದರೆ ಅವನ ಲೈಸೆನ್ಸ್ ಹೋಗುತ್ತದೆ. ಅವನು ನಿಜಕ್ಕೂ ಮೋಸಗಾರನಾಗಿದ್ದು ನಾನು ಬರೆಯದಿದ್ದರೆ ಜೀವಗಳೇ ಹೋಗಬಹುದು. ಇವೆರಡರ ಜೊತೆಗೆ ನಾಚಿಕೆಗೆಟ್ಟ ಇನ್ನೊಂದು ನೋವೂ ಇತ್ತು. ಆ ಊಟ ಆಯ್ತಾ ಎಂಬ ಮಾತೆಲ್ಲ ಕಾಗದ ಕೊಡುವವಳನ್ನು ಕೈಯಲ್ಲಿಟ್ಟುಕೊಳ್ಳಲು ಹೂಡಿದ ಆಟವೇ?

ಆರು ವರ್ಷದಲ್ಲಿ ಮೊದಲ ಸಲ ನಾನೇ ಫೋನ್ ಮಾಡಿದೆ.

“ಹನ್ನೆರಡು ನಲವತ್ತೇಳು ಹೇಗಿದೆ, ಸೆವೆರೋ?”

“ಇದೆ ಮೇಡಂ. ಹೀಗೇ.”

“ಅದರ ಎಡಗಾಲು ನನ್ನೆದುರಿಗೆ ಮಲಗಿದೆ.”

“ಸೀಲ್ ಎಲ್ಲ ನನ್ನ ಹತ್ರಾನೇ ಇವೆ, ಒಂದನ್ನೂ ಬಿಚ್ಚಿಲ್ಲ” ಎಂದ.

“ಶುಕ್ರವಾರ ಐದು ಗಂಟೆಯೊಳಗೆ ಏಳೂ ಕಾಗದ ಸಮೇತ ಇಲ್ಲಿರಬೇಕು. ಒಂದು ಕಮ್ಮಿ ಆದ್ರೂ ಬರೆದು ಕಳಿಸ್ತೀನಿ.”

“ಸರಿ ಮೇಡಂ.”

ಊಟದ ವಿಷಯ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಟೈರ್‌ಗಳನ್ನು ಪೇರಿಸಿಟ್ಟ ಕೋಣೆಗೆ ಹೋಗಿ ಅತ್ತೆ. ಮಂಗಳ, ಬುಧ, ಗುರುವಾರ ಅಂಚೆಯಲ್ಲಿ ಏನೂ ಬರಲಿಲ್ಲ. ಶುಕ್ರವಾರ ಮಧ್ಯಾಹ್ನ ಪುರಿಂಗಕ್ಕ ದೂರಿನ ಫಾರಂ ತಂದು ನನ್ನ ಮೇಜಿನ ಮೇಲಿಟ್ಟಳು. ನಾನು ಅವನ ಹೆಸರು ಬರೆದೆ. ಮುಂದೆ ಕೈ ಓಡಲಿಲ್ಲ.

ನಾಲ್ಕೂವರೆಗೆ ಕೌಂಟರಿನ ಮುಂದೆ ಯಾರೋ ನಿಂತರು.

“ಮೇಡಂ.”

ಫೋನಿನ ದನಿ ಕೇಳಿ ಅಂದುಕೊಂಡದ್ದಕ್ಕಿಂತ ಮನುಷ್ಯ ಕುಳ್ಳಗಿದ್ದ. ನರೆತ ಕೂದಲು, ಇಸ್ತ್ರಿ ಗೆರೆ ಇನ್ನೂ ಮಾಸದ ಅಂಗಿ, ಎದೆಗೆ ಅವಚಿಕೊಂಡ ಬಟ್ಟೆಯ ಚೀಲ. ಮುಖ ಸರಿಯಾಗಿ ನೋಡುವ ಆಸೆಯನ್ನು ನಾನು ಅದುಮಿಕೊಂಡೆ. ಮೊದಲು ಸೀಲು. ಒಂದೊಂದೇ ಪ್ಯಾಕೆಟ್ಟನ್ನು ದೀಪದ ಕೆಳಗೆ ಹಿಡಿದು ನಂಬರು, ತಾರೀಖು, ಅಂಟು ನೋಡಿದೆ. ಏಳೂ ಇದ್ದವು. ಏಳೂ ನಾನು ಅಂಟಿಸಿದಂತೆಯೇ ಇದ್ದವು. ಪುರಿಂಗಕ್ಕನೂ ನೋಡಿ, ದೂರಿನ ಫಾರಂ ಎತ್ತಿಕೊಂಡು ಹೋಗಿ ಹರಿದು ಹಾಕಿದಳು.

ಆಗ ಅವನನ್ನು ನೋಡಿದೆ. ಅವನು ಆಗಲೇ ನನ್ನನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದ ಕೂಡಲೇ ಕಣ್ಣನ್ನು ಕಪಾಟಿನ ಕಡೆ ತಿರುಗಿಸಿ, ಅಲ್ಲಿದ್ದ ಬೋಲ್ಟುಗಳನ್ನು ಎಣಿಸುವವನಂತೆ ನಿಂತ.

“ವಾಪಸು ಕೊಡೋಕೆ ಕಾರಣ?” ಎಂದು ಪೆನ್ನು ಹಿಡಿದು ಕೇಳಿದೆ.

“ಬೇಕಾಗಿರಲಿಲ್ಲ ಅಂತ ಬರೀರಿ.”

“ಬೇಡದೇ ಇದ್ದದ್ದನ್ನ ಯಾಕೆ ತರಿಸಿದ್ರಿ?”

“ಅದಕ್ಕೂ ಕಾಲಂ ಇದೆಯಾ ಮೇಡಂ?”

“ಇಲ್ಲ. ನಾನು ಕೇಳ್ತಿದ್ದೀನಿ.”

ಅವನು ಬಟ್ಟೆಯ ಚೀಲವನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

“ವಿಮಾನ ಮಾರಿಬಿಟ್ರು. ಹ್ಯಾಂಗರಿಗೆ ಬೀಗ ಬಿತ್ತು. ಇನ್ನು ಏನಂತ ಹೇಳಿ ನಿಮಗೆ ಫೋನ್ ಮಾಡಲಿ? ಇದ್ದ ಸಾಮಾನಲ್ಲಿ ಸೀಲೇ ಅಗ್ಗ, ನಾನು ಕೂಡಿಟ್ಟ ದುಡ್ಡಲ್ಲಿ ಬರ್ತಿತ್ತು. ಸುಳ್ಳು ಹೇಳಿದೆ. ಆದ್ರೆ ಊಟ ಆಯ್ತಾ ಅಂತ ಕೇಳಿದ್ದು ಸುಳ್ಳಲ್ಲ.”

ಅವನು ಇಷ್ಟು ಹೇಳಿದ ಮೇಲೆ ನಾನು ಸುಮ್ಮನಿರುವುದು ನ್ಯಾಯವಲ್ಲ.

“ನನ್ನದೂ ಒಂದು ತಪ್ಪಿದೆ. ಆರು ವರ್ಷದಿಂದ ಪ್ರತಿ ಭಾನುವಾರ ಚರ್ಚಿನಲ್ಲಿ ಮೊಣಕಾಲೂರಿ ಒಂದೇ ಬೇಡ್ಕೊಂಡಿದ್ದೀನಿ. ನಿಮ್ಮ ವಿಮಾನದಲ್ಲಿ ಏನಾದ್ರೂ ಕೆಡಲಿ ಅಂತ. ದೊಡ್ಡದೇನೂ ಬೇಡ, ಯಾರಿಗೂ ತೊಂದರೆ ಆಗಬಾರದು, ನೆಲದ ಮೇಲೆ ನಿಂತಿದ್ದಾಗ ಸ್ವಲ್ಪ ಎಣ್ಣೆ ಸೋರಿದರೆ ಸಾಕು ಅಂತ.”

ಪುರಿಂಗಕ್ಕ ಕೆಮ್ಮಿದಳು. ಸೆವೆರೋ ನಗಲಿಲ್ಲ. ಕೆಲಸದ ವಿಷಯ ಮಾತಾಡುವ ಮೆಕ್ಯಾನಿಕ್ಕಿನ ಗಂಭೀರ ಮುಖ ಮಾಡಿಕೊಂಡು ಕೌಂಟರಿನ ಮೇಲೆ ಎರಡೂ ಕೈಯೂರಿದ.

“ಪ್ರತಿ ಸೋಮವಾರ ಬೆಳಿಗ್ಗೆ ವಿಮಾನದ ಎಡಗಾಲ ಕೆಳಗೆ ಒಂದೆರಡು ತೊಟ್ಟು ಎಣ್ಣೆ ಇರ್ತಿತ್ತು. ಆರು ವರ್ಷ ಹುಡುಕಿದೆ. ಕಾರಣಾನೇ ಸಿಗಲಿಲ್ಲ.”

ನಾನು ಕೌಂಟರಿನ ಅಡ್ಡಹಲಗೆ ಎತ್ತಿ ಅವನಿದ್ದ ಕಡೆಗೆ ಬಂದೆ.