ಒಡೆದ ಬೋರ್ಡುಗಳಿಗೆ ಮೊಹರು

ಸೋಮವಾರ ಬೆಳಿಗ್ಗೆ ಭದ್ರಾವತಿಯ ಠಾಣೆಗೆ ಬಂದ ರೇಣುಕಾಪ್ರಸಾದ್ ಕೂರಲೂ ಒಪ್ಪಲಿಲ್ಲ. ತಮ್ಮ ಕಾರ್ಖಾನೆಯಿಂದ ಹಾಸ್ಟೆಲ್‌ಗಳಿಗೆ ಹೊರಡಲಿದ್ದ ಎಕ್ಸ್‌ಟೆನ್ಷನ್ ಬೋರ್ಡುಗಳನ್ನು ಯಾರೋ ಸುತ್ತಿಗೆಯಿಂದ ಜಜ್ಜಿದ್ದಾರೆಂದು ದೂರು ಕೊಟ್ಟರು. ಎಫ್‌ಐಆರ್ ದಾಖಲಿಸಿದ ಇನ್‌ಸ್ಪೆಕ್ಟರ್ ಜಯಶೀಲಾ, ಕಾನ್‌ಸ್ಟೇಬಲ್ ಭೀಮೇಶನೊಂದಿಗೆ ಸ್ಥಳಕ್ಕೆ ಹೋದರು.

ಕಾರ್ಖಾನೆಯ ಗೋದಾಮಿನ ಬೀಗ ಮುರಿದಿರಲಿಲ್ಲ.

"ಎಂಥಾ ಕಳ್ಳ ಮೇಡಂ ಇವನು! ತಾಮ್ರ ಬಿಟ್ಟು ಪ್ಲಾಸ್ಟಿಕ್ ಒಡೆದು ಹೋಗಿದಾನೆ," ಎಂದ ಭೀಮೇಶ.

ಬಿಳಿ ಬೋರ್ಡುಗಳಿಗೆ ಗೀರೂ ಬಿದ್ದಿರಲಿಲ್ಲ. ಒಡೆದದ್ದೆಲ್ಲ ಹೊಸ ಕಪ್ಪು ಮಾಲು. ಜಯಶೀಲಾ ಚೂರೊಂದನ್ನು ಉಗುರಿನಿಂದ ಕೆರೆದರೆ ಪರೋಟದಂತೆ ಪದರ ಪದರವಾಗಿ ಎದ್ದಿತು. ಪಂಚನಾಮೆ ಬರೆಸಿ, ಚೂರುಗಳನ್ನು ಮೂಟೆ ಕಟ್ಟಿಸಿ ಮೊಹರು ಹಾಕಿದರು.

"ಕೀಲಿ ಯಾರ ಹತ್ರ ಇರುತ್ತೆ?"

"ನನ್ನ ಹತ್ರ. ಇನ್ನೊಂದು ಟೆಸ್ಟಿಂಗ್ ಮಾಡೋ ಸುಮನಾ ಹತ್ರ. ಶಿವಮೊಗ್ಗದವಳು, ಇವತ್ತು ಬಂದಿಲ್ಲ," ಎಂದರು ರೇಣುಕಾಪ್ರಸಾದ್.

ಶಿವಮೊಗ್ಗದ ರವೀಂದ್ರನಗರದ ಮನೆಯಲ್ಲಿ ಸುಮನಾ ಚಪ್ಪಲಿ ಮೆಟ್ಟಿಕೊಂಡೇ ಕಾದಿದ್ದಳು.

"ಒಡೆದದ್ದು ನೀನೇನಮ್ಮಾ?"

"ನಾನೇ ಮೇಡಂ. ಬರ್ಕೊಳ್ಳಿ."

"ಯಾಕೆ?"

"ಆ ಕಪ್ಪು ಬೋರ್ಡಿಗೆ ಎರಡು ಜಾತಿ ಪ್ಲಾಸ್ಟಿಕ್ ಹಾಕ್ತಾರೆ. ಸುಮ್ನೆ ಕರಗಿಸಿದ್ರೆ ಅವು ಬೆರೆಯಲ್ಲ. ಬೆಸೆಯೋಕೆ ಒಂದು ಕೆಮಿಕಲ್ ಬೇಕು. ದುಬಾರಿ ಅಂತ ಅದನ್ನ ನಿಲ್ಸಿದ್ರು. ಕಪ್ಪು ಬಣ್ಣ ಬರ್ಲಿ ಅಂತ ಕಾರ್ಬನ್ ಮಸಿ ಸುರಿದ್ರು. ಮಸೀಲಿ ಕರೆಂಟ್ ಹರಿಯುತ್ತೆ."

"ಟೆಸ್ಟ್ ಪಾಸಾಗಿದೆ ಅಂತಾರಲ್ಲ ನಿಮ್ಮ ಓನರ್?"

"ನಮ್ಮಲ್ಲಿ ಸ್ಯಾಂಪಲ್ನ ಬಿಸಿಲಲ್ಲಿ ಒಣಗಿಸಿ ಮೀಟರ್ ಇಡೋದು! ಈ ಊರಿನ ಮಳೆಗಾಲಕ್ಕೆ ಬಿಸಿಲಿನ ಟೆಸ್ಟ್! ನಾನು ನೆನೆಸಿಟ್ಟು ನೋಡ್ದೆ, ಕರೆಂಟ್ ಸೋರ್ತು. ಓನರ್‌ಗೆ ಹೇಳಿದ್ರೆ ನಕ್ಕರು. ನಿಮ್ಮ ಠಾಣೆಗೂ ಬಂದಿದ್ದೆ."

ಭೀಮೇಶ ನೆಲ ನೋಡಿದ. ಇದೆಲ್ಲ ಪೊಲೀಸರ ಕೆಲಸವಲ್ಲ ಎಂದು ಅವಳನ್ನು ವಾಪಸ್ ಕಳಿಸಿದ ಮಹಾನುಭಾವ ಅವನೇ.

ಮಧ್ಯಾಹ್ನ ಠಾಣೆಯಲ್ಲಿ ರೇಣುಕಾಪ್ರಸಾದರ ದನಿ ಬೆಣ್ಣೆಯಾಗಿತ್ತು. "ಏನ್ ಮಾರಾಯ್ತಿ ಇದು! ತಪ್ಪಾಯ್ತು ಅಂದ್ಬಿಡು, ರಾಜಿ ಮಾಡ್ಕೊಳ್ಳೋಣ. ಚೂರು ವಾಪಸ್ ಸಿಕ್ಕಿದ್ರೆ ಸಾಕು ನಂಗೆ, ಅರೆದು ಮತ್ತೆ ಅಚ್ಚಿಗೆ ಹಾಕ್ತೀವಿ."

"ಅನ್ನಲ್ಲ ಸಾರ್," ಸುಮನಾ ಎದ್ದು ನಿಂತಳು. "ರಾಜಿ ಆದ್ರೆ ಅದೇ ವಿಷ ಮತ್ತೆ ಬೋರ್ಡಾಗುತ್ತೆ. ಒಡೆದ್ರೆ ನೀವೇ ದೂರು ಕೊಡ್ತೀರಿ, ಮಾಲಿಗೆ ಪೊಲೀಸ್ ಮೊಹರು ಬೀಳುತ್ತೆ ಅಂತಲೇ ಒಡೆದಿದ್ದು ನಾನು. ಕೇಸ್ ನಡೀಲಿ!"

"ಕೆಲಸ ಹೋಗುತ್ತೆ, ವರ್ಷಗಟ್ಟಲೆ ಕೋರ್ಟ್ ಅಲೀಬೇಕು. ಗೊತ್ತು ತಾನೆ?" ಎಂದರು ಜಯಶೀಲಾ.

"ಹೋದ್ರೆ ಹೋಗ್ಲಿ ಬಿಡಿ ಮೇಡಂ. ಹಾಸ್ಟೆಲಲ್ಲೇ ಓದಿದೋಳು ನಾನು. ಬಚ್ಚಲಿಂದ ಒದ್ದೆ ಕೈಯಲ್ಲೇ ಬಂದು ಪ್ಲಗ್ ಹಾಕ್ತಿದ್ವಿ. ಈಗಿನ ಹುಡುಗೀರೂ ಹಾಗೇ ಹಾಕ್ತಾರೆ."

ಜಯಶೀಲಾ ಬಂಧನದ ಪತ್ರ ಮುಂದಿಟ್ಟರು. ಸುಮನಾ ಓದಿ, ಸಹಿ ಹಾಕಿದಳು.

"ಜಾಮೀನಿಗೆ ಯಾರನ್ನ ಕರೆಸ್ಲಿ?"

"ಅದಕ್ಕೇನು ಅವಸರ ಮೇಡಂ! ಮೊದಲು ಚೂರುಗಳನ್ನ ಲ್ಯಾಬಿಗೆ ಕಳ್ಸಿ. ನೆನೆಸಿ ಟೆಸ್ಟ್ ಮಾಡೋಕೆ ಹೇಳಿ."